ಎಬ್ಬಿಸಿದವರ ತಪ್ಪು

ಮೌಸನ್ನು ತುಸುವೇ ಅಲುಗಿಸಿ ಅವಳು ಕೈ ಹಿಂದಕ್ಕೆಳೆದುಕೊಂಡಳು. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಫ್ಯಾನು ತಿರುಗುವ ಸದ್ದಾಯಿತು, ಪರದೆ ಬೆಳಗಿತು, ಕಂಪ್ಯೂಟರನ್ನು ನಿದ್ದೆಗೆ ಕಳಿಸುವ ಮೊದಲು ತೆರೆದಿಟ್ಟಿದ್ದ ಪುಟ ಇದ್ದ ಹಾಗೇ ಮೇಲೆ ಬಂತು. ಅವಳು ಬಗ್ಗಿ ನೋಡಿದಳು. ಕೆಡದಿರಲಿ ಅನ್ನಿಸುತ್ತಿತ್ತು. ಕೆಡದಿದ್ದರೆ ತಪ್ಪು ಅಕ್ಕನದೇ ಎಂದಾಗುತ್ತದೆ. ಅದು ಗೊತ್ತಿದ್ದೂ ಕೆಡದಿರಲಿ ಅನ್ನಿಸುತ್ತಿತ್ತು. ಬಾಣದ ಗುರುತು ಎರಡು ಬೆರಳಿನಷ್ಟು ಸರಿದು ನಿಂತುಬಿಟ್ಟಿತು. ಆಮೇಲೆ ಪರದೆ ನೀಲಿಯಾಯಿತು, ಆಮೇಲೆ ಕಪ್ಪು. ಕಪ್ಪಿನ ಮೂಲೆಯಲ್ಲಿ ಬಿಳಿ ಅಕ್ಷರದ ಒಂದೇ ಸಾಲು: ಡಿಸ್ಕ್ ಸಿಗುತ್ತಿಲ್ಲ.

ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಗಂಡ ಆಫೀಸಿಗೆ ಹೋಗಿದ್ದ. ಅಕ್ಕ ತನ್ನ ದೊಡ್ಡ ಚೀಲದ ಜಿಪ್ ಸರಿಮಾಡಿಸಿಕೊಂಡು ಬರುತ್ತೇನೆಂದು ಬೀದಿಯ ಕೊನೆಯ ಹೊಲಿಗೆ ಅಂಗಡಿಗೆ ಹೋಗಿದ್ದಳು. ನಾಳೆ ಬೆಳಗಿನ ಬಸ್ಸಿಗೆ ಅಕ್ಕ ತಮ್ಮನ ಮನೆಗೆ ಹೊರಡುವವಳು. ಅವಳು ಹೊಸ್ತಿಲು ದಾಟುವುದನ್ನೇ ಕಾದಿದ್ದವಳ ಹಾಗೆ ಇವಳು ಬಾಗಿಲು ಹಾಕಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು.

ಮಂಡಿಯೂರಿ, ಮೇಜಿನ ಕೆಳಗೆ ತಲೆ ತೂರಿಸಿ, ಗೋಡೆಯ ಸ್ವಿಚ್ಚು ಆರಿಸಿದಳು. ಪೆಟ್ಟಿಗೆಯ ಪಕ್ಕದ ತಗಡನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಒಳಗೆ ಹಸಿರು ಹಲಗೆಯ ಮೇಲೆ ಮುರಿದ ಬಾಚಣಿಗೆಯ ತುಂಡಿನಷ್ಟು ಉದ್ದದ ತೆಳ್ಳನೆಯ ಪಟ್ಟಿ, ಎಲ್ಲ ಕೆಲಸ ಉಳಿಸಿಡುವ ಎಸ್‌ಎಸ್‌ಡಿ ಡ್ರೈವು. ಇಷ್ಟು ಸಣ್ಣದರೊಳಗೆ ತನ್ನ ವರ್ಷಗಟ್ಟಲೆಯ ಕೆಲಸ ಕೂತಿದೆ ಎನ್ನುವುದು ಅವಳಿಗೆ ಇನ್ನೂ ಪೂರ್ತಿ ನಂಬಿಕೆಗೆ ಬಂದಿರಲಿಲ್ಲ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ, ಸ್ಕ್ರೂ ಬಿಗಿದು ನೋಡಿದ್ದಾಗಿತ್ತು. ಬರೀ ಪರದೆ ಆರುವಂತೆ ಮಾಡಿ, ಯಂತ್ರ ಎಚ್ಚರವಾಗಿಯೇ ಇರುವಂತೆ ಇಟ್ಟು ನೋಡಿದ್ದಾಗಿತ್ತು. ಆಗ ಏನೂ ಆಗಲಿಲ್ಲ. ನಿದ್ದೆಗೆ ಕಳಿಸಿ ಎಬ್ಬಿಸಿದರೆ ಮಾತ್ರ ಡ್ರೈವು ಕಣ್ಮರೆ. ಮತ್ತೆ ಚಾಲೂ ಮಾಡುವ ಗುಂಡಿ ಒತ್ತಿದರೂ ಬರುವುದಿಲ್ಲ. ಕರೆಂಟು ಪೂರಾ ತೆಗೆದು, ತುಸು ಹೊತ್ತು ಬಿಟ್ಟು ಹಾಕಿದರೆ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ತನ್ನ ಜಾಗದಲ್ಲಿ ಬಂದು ಕೂತಿರುತ್ತದೆ.

ಅಂದರೆ ಎಬ್ಬಿಸಿದವರು ಯಾರಾದರೂ ಸರಿ, ಅದು ಕೆಡುತ್ತದೆ. ಎಬ್ಬಿಸುವ ಸರದಿ ಅಕ್ಕನದಾಗಿತ್ತು, ಅಷ್ಟೆ.

ಅವಳದು ಪುಟ ಕಟ್ಟುವ ಕೆಲಸ. ಶಾಲಾ ಮಕ್ಕಳ ಗೈಡುಗಳು, ಸಂಘಗಳ ವಾರ್ಷಿಕ ವರದಿ, ಅಪರೂಪಕ್ಕೆ ಯಾರದೋ ಕವನಗಳು. ಪ್ರೆಸ್ಸಿನ ಯಜಮಾನರು ಹಸ್ತಪ್ರತಿ ಕಳಿಸುತ್ತಾರೆ, ಇವಳು ಟೈಪು ಮಾಡಿ, ತಿದ್ದಿ, ಪುಟವಾಗಿಸಿ ಕೊಡುತ್ತಾಳೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ಈ ಮುಂದಿನ ಕೋಣೆಯ ಕಿಟಕಿಯ ಪಕ್ಕದ ಮೇಜೇ ಅವಳ ಆಫೀಸು. ಹಳೆಯ ಡಿಸ್ಕು ಎತ್ತಿನಗಾಡಿಯಂತೆ ಏದುಸಿರು ಬಿಡುತ್ತಿದ್ದುದರಿಂದ ಪರೀಕ್ಷೆಯ ಕಾಲದ ಕೆಲಸ ಶುರುವಾಗುವ ಮೊದಲೇ ಹೊಸದು ಹಾಕಿಸಿದ್ದಳು. ಅಕ್ಕ ಬಂದದ್ದೂ ಅದೇ ವಾರ.

ಅಕ್ಕ ಮದುವೆಯಾಗಿರಲಿಲ್ಲ. ಅಪ್ಪನ ಬಾಡಿಗೆ ಮನೆಯಲ್ಲಿ ಅಪ್ಪನ ಊಟ, ಔಷಧಿ, ಮುಂಗೋಪ, ಎಲ್ಲವನ್ನೂ ಕೊನೆಯ ದಿನದವರೆಗೆ ನೋಡಿಕೊಂಡವಳು. ಅಪ್ಪ ಹೋದ ಮೇಲೆ ಮನೆ ಬಿಟ್ಟುಕೊಟ್ಟು ಎರಡು ಚೀಲ ಹಿಡಿದು ತಂಗಿಯ ಮನೆಗೆ ಬಂದಳು. ಬಂದ ನಾಲ್ಕೇ ದಿನಕ್ಕೆ, "ಪುಟ್ಟೀ, ಸುಮ್ನೆ ಕೂತು ತಿಂದ್ರೆ ನಂಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಅದೇನೋ ಕುಟ್ತೀಯಲ್ಲ, ನಂಗೂ ಹೇಳಿಕೊಡು," ಎಂದಳು. ಇವಳು ನಕ್ಕಿದ್ದಳು. ಐವತ್ತಮೂರು ವರ್ಷದ ಅಕ್ಕ ಎರಡು ವಾರದಲ್ಲಿ ಕೀಲಿಮಣೆ ನೋಡದೆ ಟೈಪು ಮಾಡುವುದನ್ನು ಕಂಡಾಗ ಆ ನಗು ಸ್ವಲ್ಪ ಗಿಡ್ಡವಾಯಿತು. ಅಕ್ಕನ ಕಣ್ಣು ಇನ್ನೂ ಚುರುಕು. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಸಾಲುಗಳ ಮೇಲೆ ಬೆರಳಾಡಿಸುತ್ತ, "ಇಲ್ಲೊಂದು ದೀರ್ಘ ಬಿಟ್ಟಿದೀಯ ನೋಡೇ," "ಈ ಲೆಕ್ಕದ ಉತ್ತರ ಹಿಂದಿನ ಪುಟದ್ದು," ಎಂದು ಮೆತ್ತಗೆ ಹೇಳುತ್ತಿದ್ದಳು. ಬೇರೆಯವರ ಮುಂದೆ ಒಮ್ಮೆಯೂ ಹೇಳಲಿಲ್ಲ.

ಮನೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಬೆಳಿಗ್ಗೆ ತಂಗಿ ಸ್ವಿಚ್ಚು ಹಾಕಿ ಕೂರುವಳು. ಊಟದ ಹೊತ್ತಿಗೆ ಕೆಲಸ ಹಾಗೇ ತೆರೆದಿಟ್ಟು ಏಳುವಳು. ಉಂಡು ಪಾತ್ರೆ ತೊಳೆಯುವಷ್ಟರಲ್ಲಿ ಯಂತ್ರಕ್ಕೂ ನಿದ್ದೆ ಹತ್ತಿರುತ್ತಿತ್ತು. ಆಮೇಲೆ ಇವಳು ಮಲಗಿದಾಗ ಮಧ್ಯಾಹ್ನದ ಸರದಿ ಅಕ್ಕನದು. ಸಂಜೆ ತಂಗಿಯೇ ಎಲ್ಲ ಮುಚ್ಚಿ, ಅಪ್ಪ ಕಲಿಸಿದ ಹಾಗೆ ಗೋಡೆಯ ಸ್ವಿಚ್ಚನ್ನೂ ಆರಿಸುವಳು. ಹಾಗಾಗಿ ನಿದ್ದೆಯಲ್ಲಿದ್ದ ಯಂತ್ರವನ್ನು ದಿನದಲ್ಲಿ ಎಬ್ಬಿಸುವವಳು ಅಕ್ಕ ಒಬ್ಬಳೇ. ಇಷ್ಟು ಸರಳವಾದದ್ದು ಆಗ ಯಾಕೆ ಹೊಳೆಯಲಿಲ್ಲ?

ಮೊದಲ ಸಲ ಅಕ್ಕ ಮಲಗುವ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. "ಪುಟ್ಟೀ, ಎದ್ದಿದೀಯಾ? ನಾನೇನೂ ಮಾಡಿಲ್ಲ ಕಣೆ. ಮೌಸ್ ಮೇಲೆ ಕೈ ಇಟ್ಟೆ ಅಷ್ಟೇ." ಬೆಳಗಿನ ಕೆಲಸ ಉಳಿಸಿಟ್ಟಿರಲಿಲ್ಲ, ಹೋಯಿತು. ಉಳಿಸದೆ ಎದ್ದವಳು ತಾನೇ ಎಂಬುದನ್ನು ಅವಳು ಹೇಳಲಿಲ್ಲ. "ಹೋಗ್ಲಿ ಬಿಡಕ್ಕ, ಇನ್ಮೇಲೆ ಸ್ವಲ್ಪ ನಿಧಾನ," ಎಂದಳು. ಮೌಸ್ ಮೇಲೆ ಇನ್ನೆಷ್ಟು ನಿಧಾನವಾಗಿ ಕೈ ಇಡಬಹುದು ಎಂದು ಅಕ್ಕ ಕೇಳಲಿಲ್ಲ. ಮರುದಿನದಿಂದ ಮೌಸ್ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡು ಬರತೊಡಗಿದಳು.

ಆದರೂ ಮತ್ತೆ ಕೆಟ್ಟಿತು. ಕೆಲವು ದಿನ ಬಿಟ್ಟು ಮತ್ತೊಮ್ಮೆ. ಆ ಸಲ ವಿಜ್ಞಾನದ ಗೈಡಿನ ಇಡೀ ಫೈಲು ಹಾಳಾಗಿ ತೆರೆಯಲಿಲ್ಲ. ಅದೇ ಹೊತ್ತಿಗೆ ಗಂಡ ಮನೆಗೆ ಬಂದ. ಅಕ್ಕ ಕುರ್ಚಿಯ ಪಕ್ಕ ನಿಂತಿದ್ದಳು, ಕುರ್ಚಿಯನ್ನು ಬಿಟ್ಟುಕೊಟ್ಟು.

"ನೀನು ಮುಟ್ಟಿದಾಗ್ಲೇ ಯಾಕಕ್ಕ ಹೀಗಾಗೋದು? ನಾನು ಬೆಳಗ್ಗೆಯೆಲ್ಲ ಕೂತಿರ್ತೀನಿ, ಒಂದಿನಾನೂ ಆಗಲ್ಲ."

"ಅತ್ತಿಗೆ ಕೈಗುಣ," ಎಂದ ಗಂಡ ಚಪ್ಪಲಿ ಬಿಡುತ್ತ. ಅವನಿಗೆ ಅದೊಂದು ತಮಾಷೆ.

"ಬೇಡ ಬಿಡಕ್ಕ. ನೀನು ಇನ್ಮೇಲೆ ಮುಟ್ಟಲೇಬೇಡ. ಎಲ್ಲರಿಗೂ ಎಲ್ಲ ಒಗ್ಗಲ್ಲ."

ಅಕ್ಕ, "ಸರಿ ಕಣೆ," ಎಂದಳು. ಕುರ್ಚಿಯನ್ನು ಮೇಜಿನೊಳಕ್ಕೆ ಸರಿಯಾಗಿ ತಳ್ಳಿ ಒಳಗೆ ಹೋದಳು. ಆವತ್ತು ಮಾತು ಬಾಯಿಂದ ಜಾರಿದಾಗ ತನ್ನೊಳಗೆ ಬಿಸಿಯಾಗಿ ಏನೋ ಎದ್ದಿತ್ತಲ್ಲ, ಅದು ಸಿಟ್ಟು ಒಂದೇ ಆಗಿರಲಿಲ್ಲ ಎಂದು ಈಗ ಮೇಜಿನ ಕೆಳಗೆ ಕೂತವಳಿಗೆ ಗೊತ್ತಾಯಿತು. ಅದರಲ್ಲಿ ಸಮಾಧಾನವೂ ಇತ್ತು. ಈ ಕೆಲಸ ಅಷ್ಟು ಸುಲಭವಲ್ಲ, ಯಾರೋ ಬಂದು ಎರಡು ವಾರದಲ್ಲಿ ಕಲಿತುಬಿಡುವಂಥದ್ದಲ್ಲ ಎಂಬ ಸಮಾಧಾನ.

ಅವಳು ಎದ್ದು, ಬಟ್ಟೆಯ ಧೂಳು ಕೊಡವಿ, ಡ್ರೈವು ಹಾಕಿಕೊಟ್ಟ ಅಂಗಡಿಯವನಿಗೆ ಫೋನು ಮಾಡಿದಳು.

"ಆಫ್ ಮಾಡಿ ಆನ್ ಮಾಡಿ ಮೇಡಂ," ಎಂದ ಅವನು, ಅವಳು ಏನೂ ಹೇಳುವ ಮೊದಲೇ.

"ಮಾಡಿದೀನಿ. ಪ್ಲಗ್ ತೆಗೆದು ಹಾಕಿದ್ರೆ ಬರತ್ತೆ. ನಿದ್ದೆಗೆ ಹೋಗಿ ಎದ್ದಾಗ ಮಾತ್ರ ಡ್ರೈವ್ ಸಿಗಲ್ಲ ಅನ್ನತ್ತೆ. ಬೇರೆ ಯಾವಾಗ್ಲೂ ಇಲ್ಲ."

"ಓ, ಅದಾ. ಆ ಮಾಡೆಲ್ಲಿಗೆ ಅದೊಂದು ಕಾಯಿಲೆ ಮೇಡಂ. ಕೆಲವರು ಮಧ್ಯಾಹ್ನ ಮಲಗಿ ಎದ್ರೆ ಸಂಜೆವರೆಗೂ ನೆಟ್ಟಗೆ ಮಾತಾಡಲ್ವಲ್ಲ, ನಮ್ಮ ಮಾವನವರಿದಾರೆ, ಹಂಗೇ. ಸ್ಲೀಪ್ ಬಂದ್ ಮಾಡಿಬಿಡಿ. ಅದಕ್ಕೊಂದು ಅಪ್‌ಡೇಟೂ ಬಂದಿದೆ, ಕಳಿಸ್ತೀನಿ, ಹಾಕ್ಕೊಳ್ಳಿ. ಮುಗೀತು."

"ಇಷ್ಟೇನಾ? ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ ಮೇಡಂ. ಹೋದ ತಿಂಗಳು ಫೋನ್ ಮಾಡಿದಾಗ ನೀವು ಪಾಸ್‌ವರ್ಡ್ ಹಾಕೋದು ಹೇಗೆ ಅಂತ ಕೇಳಿದ್ರಿ. ಮನೇಲಿ ಯಾರೋ ಮುಟ್ಟಿ ಮುಟ್ಟಿ ಕೆಡಿಸ್ತಾರೆ ಅಂದ್ರಿ. ನಾನು ಸಣ್ಣ ಮಗು ಇರ್ಬೇಕು ಅಂದ್ಕೊಂಡೆ. ಎಷ್ಟು ವರ್ಷದ್ದು ಮೇಡಂ ಮಗು?"

"ಬಾಗಿಲಿಗೆ ಯಾರೋ ಬಂದ್ರು, ಇಡ್ತೀನಿ," ಎಂದು ಅವಳು ಫೋನು ಇಟ್ಟಳು. ಬಾಗಿಲಿಗೆ ಯಾರೂ ಬಂದಿರಲಿಲ್ಲ.

ಪಾಸ್‌ವರ್ಡ್ ಹಾಕಿದ ಮರುದಿನ ಅಕ್ಕ ಏನೋ ಹಳೆಯ ಪುಟ ನೋಡಬೇಕೆಂದು ಬಂದು ನಿಂತಿದ್ದಳು. ಹೆಸರಿನ ಕೆಳಗೆ ಖಾಲಿ ಚೌಕ, ಅದರಲ್ಲಿ ಮಿನುಗುವ ಗೆರೆ. ಅಕ್ಕ ಅದನ್ನು ಓದಿದಳು. "ಓ," ಎಂದಳು. ಏನದು, ಯಾಕೆ ಹಾಕಿದೆ, ಏನೆಂದು ಒತ್ತಲಿ, ಒಂದನ್ನೂ ಕೇಳಲಿಲ್ಲ. ಆ ಮಧ್ಯಾಹ್ನ ತಮ್ಮನಿಗೆ ಫೋನು ಮಾಡಿ, "ಅವಳಿ ಮಕ್ಕಳನ್ನ ನೋಡ್ಕೊಳ್ಳೋಕೆ ಯಾರೂ ಸಿಕ್ತಿಲ್ಲ ಅಂತಿದ್ಯಲ್ಲ, ನಾನೇ ಬರ್ತೀನಿ ಬಿಡು," ಎಂದಳು. ತಮ್ಮ ಎಷ್ಟು ಖುಷಿಪಟ್ಟನೆಂದರೆ ಅವನ ದನಿ ಈ ಕೋಣೆಗೂ ಕೇಳಿಸಿತು.

ಇಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎಂದು ತಳ್ಳಿಹಾಕಬಹುದಿತ್ತು. ಆದರೆ ಅದಾಗಿ ವಾರದ ಮೇಲೆ ಇನ್ನೊಂದು ನಡೆದಿತ್ತು. ಬೆಳಿಗ್ಗೆ ಕೆಲಸದ ಮಧ್ಯೆ ಎದ್ದು ಪೇಟೆಗೆ ಹೋಗಿ ಬಂದವಳು, ತರಕಾರಿ ಚೀಲ ಕೆಳಗಿಟ್ಟು, ನಿಂತುಕೊಂಡೇ ಮೌಸ್ ಅಲುಗಿಸಿದ್ದಳು. ನೀಲಿ. ಕಪ್ಪು. ಬಿಳಿ ಅಕ್ಷರದ ಸಾಲು. ಅಕ್ಕ ಮಹಡಿಯ ಮೇಲೆ ಬಟ್ಟೆ ತರಲು ಹೋಗಿದ್ದಳು. ಅವಳು ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಕಡೆ ತಿರುಗಿ ನೋಡಿದ್ದು. ಯಾರೂ ಇಲ್ಲವೆಂದು ಕಂಡ ಮೇಲೆ ಬಗ್ಗಿ ಸ್ವಿಚ್ಚು ಆರಿಸಿ ಹಾಕಿದಳು, ಅದು ಸರಿಹೋಯಿತು, ತರಕಾರಿ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಂದು ಸಲ ಯಾರಿಗಾದರೂ ಆಗಬಹುದು ಎಂದುಕೊಂಡಳು. ಆದರೆ ಆವತ್ತಿನಿಂದ ನೀರು ಕುಡಿಯಲು ಎದ್ದರೂ ಯಂತ್ರವನ್ನು ಪೂರ್ತಿ ಮುಚ್ಚಿಯೇ ಏಳುತ್ತಿದ್ದಳು. ಯಾಕೆ ಹಾಗೆ ಮಾಡುತ್ತಿದ್ದೇನೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಗಂಡ, "ಅತ್ತಿಗೆ ಹೊರಟ್ರೆ ನಮ್ಮ ಕಂಪ್ಯೂಟರ್ ತೆಂಗಿನಕಾಯಿ ಒಡೆಯತ್ತೆ," ಎಂದಿದ್ದ. ಅಕ್ಕ ನಕ್ಕಳು. ತಟ್ಟೆಯಿಂದ ತಲೆಯೆತ್ತದೆ, ಬೇರೆಯವರ ಮನೆಯಲ್ಲಿ ನಗುವ ಹಾಗೆ ನಕ್ಕಳು. ಆ ನಗು ಬೆಳಿಗ್ಗೆ ಎದ್ದಾಗಲೂ ಇವಳ ಕಿವಿಯಲ್ಲಿತ್ತು. ಅದಕ್ಕೇ ಇವತ್ತಿನ ಈ ಸ್ಕ್ರೂ, ಈ ತಗಡು, ಈ ಮಲಗಿಸಿ ಎಬ್ಬಿಸುವ ಆಟ.

ಅಂಗಡಿಯವನು ಕಳಿಸಿದ್ದನ್ನು ಹಾಕಿದಳು. ನಿದ್ದೆಗೆ ಹೋಗುವ ಆಯ್ಕೆಯನ್ನು 'ಎಂದಿಗೂ ಬೇಡ' ಎಂದು ಬದಲಿಸುವ ಮೊದಲು, ಅಪ್‌ಡೇಟು ನಿಜಕ್ಕೂ ಕೆಲಸ ಮಾಡಿದೆಯೇ ಎಂದು ಕೊನೆಯ ಸಲ ಮಲಗಿಸಿ ಎಬ್ಬಿಸಿದಳು. ಪುಟ ಬಂತು, ಬಾಣ ಓಡಾಡಿತು, ಅಕ್ಷರ ಒತ್ತಿದರೆ ಅಕ್ಷರ ಮೂಡಿತು. ತೊಂದರೆ ಹುಡುಕಿ ಸರಿಮಾಡಿದಾಗ ಆಗಬೇಕಾದ ಖುಷಿ ಒಂದಿಷ್ಟೂ ಆಗಲಿಲ್ಲ. ತಗಡು ಮುಚ್ಚಿ ಸ್ಕ್ರೂ ತಿರುಗಿಸಿದಳು.

ಅಕ್ಕ ಬಂದವಳೇ ಚೀಲವನ್ನು ಮಂಚದ ಮೇಲಿಟ್ಟು ಜಿಪ್ಪನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ತೋರಿಸಿದಳು. "ನೋಡು, ಬೆಣ್ಣೆ ಹಾಗೆ ಓಡತ್ತೆ. ಆ ಟೈಲರ್‌ಗೆ ಮಾತಾಡೋಕೆ ಬಿಟ್ರೆ ಸಾಕು. ನನ್ನ ಬಗ್ಗೆ ಎಲ್ಲ ವಿಚಾರಿಸಿ ಆಯ್ತು. ಗಂಡ ಎಲ್ಲಿ ಅಂದ. ಹುಡುಕ್ತಿದೀನಪ್ಪ, ಸಿಕ್ಕಿದ್ರೆ ನಿಂಗೇ ಮೊದಲು ಹೇಳ್ತೀನಿ ಅಂದೆ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಅಕ್ಕ, ಆ ಕಂಪ್ಯೂಟರ್ ಕೆಡ್ತಿತ್ತಲ್ಲ. ಅದು ಡ್ರೈವ್‌ದೇ ತೊಂದರೆಯಂತೆ. ನಿದ್ದೆಗೆ ಹೋಗಿ ಎದ್ದಾಗ ಅದಕ್ಕೆ ಎಚ್ಚರ ಆಗ್ತಿರಲಿಲ್ಲವಂತೆ."

"ಹೌದಾ? ಸರಿಹೋಯ್ತಾ ಈಗ?"

"ಹೂಂ."

"ಒಳ್ಳೇದಾಯ್ತು. ಪರೀಕ್ಷೆ ಟೈಮು, ನಿನ್ನ ಕೆಲಸ ನಿಲ್ಲಬಾರದು." ಅಕ್ಕ ಮಡಚಿದ ಬಟ್ಟೆಗಳನ್ನು ಚೀಲದ ತಳಕ್ಕೆ ಒತ್ತಿದಳು.

"ನೀನು ಕೆಡಿಸಿದ್ದಲ್ಲ ಅದು."

"ನಾನು ಕೆಡಿಸಿದ್ದಲ್ಲ ಅಂತ ನಂಗೆ ಗೊತ್ತಿತ್ತಲ್ಲೇ." ಅಕ್ಕ ದನಿಯಲ್ಲಿ ಏನೂ ಬೆರೆಸದೆ ಹೇಳಿದಳು. ಇನ್ನೆರಡು ಬಟ್ಟೆ ಒಳಗಿಟ್ಟಳು. ಆಮೇಲೆ, "ಆವತ್ತು ನೀನು ಪೇಟೆಯಿಂದ ಬಂದಾಗ ನಾನು ಬಟ್ಟೆ ಹೊತ್ಕೊಂಡು ಇಳೀತಾ ಇದ್ದೆ. ಮೆಟ್ಟಿಲ ತಿರುವಿಂದ ಕಾಣ್ಸತ್ತೆ ನಿನ್ನ ಮೇಜು. ಕಪ್ಪಾಯ್ತು, ಬಿಳಿ ಸಾಲು ಬಂತು. ನೀನು ಬಾಗಿಲ ಕಡೆ ನೋಡಿದೆ," ಎಂದಳು.

ಇವಳು ಚೌಕಟ್ಟಿನಿಂದ ಸರಿದು ಒಳಗೆ ಬಂದಳು. "ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಕರೀತೀಯ ಅಂದ್ಕೊಂಡೆ. ಅಕ್ಕ ಬಾ, ನೋಡಿಲ್ಲಿ, ನಂಗೂ ಹಂಗೇ ಆಯ್ತು ಅಂತ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೇ ನಿಂತಿದ್ದೆ. ಆಮೇಲೆ ಬಟ್ಟೆ ಇನ್ನೂ ಒಣಗಿಲ್ಲವೇನೋ ಅನ್ಕೊಂಡು ಮತ್ತೆ ಮೇಲೆ ಹೋದೆ."

ಒಣಗಿದ ಬಟ್ಟೆಯನ್ನು ಹೊತ್ತು ಅಕ್ಕ ಮತ್ತೆ ಮಹಡಿ ಹತ್ತಿದ್ದು ಅವಳ ಕಣ್ಣಿಗೆ ಕಟ್ಟಿತು. ಹೇಳಲು ಇದ್ದ ಮಾತುಗಳೆಲ್ಲ ಒಂದೊಂದಾಗಿ ಹಗುರ ಕಂಡವು. ಹೋಗಬೇಡ ಅನ್ನಲು ಬಾಯಿ ತೆರೆದಳು.

ಅಕ್ಕ ಅದನ್ನೂ ಓದಿಕೊಂಡವಳ ಹಾಗೆ, "ಟಿಕೆಟ್ ಆಗಿದೆ. ಮಕ್ಕಳು ಕಾಯ್ತಿದಾವೆ," ಎಂದಳು. "ತಮ್ಮನ ಹೆಂಡತಿ ಹತ್ರ ಒಂದು ಹಳೇ ಲ್ಯಾಪ್‌ಟಾಪ್ ಇದೆಯಂತೆ, ಮಕ್ಕಳು ಮಲಗಿದಾಗ ಬೇಕಾದ್ರೆ ಉಪಯೋಗಿಸಿ ಅಂದಳು. ಏನು ಉಪಯೋಗಿಸೋದು, ನಂಗೆ ಅಲ್ಲಿ ಯಾರು ಕೆಲಸ ಕೊಡ್ತಾರೆ? ಕಲಿತ ಬೆರಳು ಮರೆಯದೇ ಇದ್ರೆ ಸಾಕು."

ಸಂಜೆ ಗಂಡ ಬಂದ. ಕೈಕಾಲು ತೊಳೆದು ಮುಂದಿನ ಕೋಣೆಯಲ್ಲಿ ಕೂತು, ತುಂಬಿದ ಚೀಲ ನೋಡಿ, "ಏನು ಅತ್ತಿಗೆ, ಸಿಪಾಯಿ ಥರ ರೆಡಿ ಆಗಿಬಿಟ್ಟಿದೀರ. ನಾಳೆಯಿಂದ ನಮ್ಮ ಕಂಪ್ಯೂಟರ್‌ಗೆ ರಜ ಮುಗೀತು ಅನ್ನಿ, ಇನ್ನು ನಿರ್ಭಯವಾಗಿ ಕೆಲಸ ಮಾಡತ್ತೆ," ಎಂದ.

"ಹೌದಪ್ಪ, ನಾನು ಹೋದ್ರೆ ಅದಕ್ಕೂ ಆರಾಮು," ಎಂದು ಅಕ್ಕ ಲೋಟ ಮುಂದಿಟ್ಟಳು. ಇಡುವಾಗ ತಂಗಿಯ ಕಡೆ ಒಮ್ಮೆ ನೋಡಿದಳು. ಸುಮ್ಮನಿರು ಎನ್ನುವ ನೋಟ.

"ಅಲ್ಲ," ಎಂದಳು ಇವಳು.

"ಏನಲ್ಲ?"

"ತಪ್ಪು ಮಷೀನಿಂದು. ಮಲಗಿ ಎದ್ದಾಗ ಡ್ರೈವ್ ಕೈ ಕೊಡ್ತಿತ್ತು. ಮಧ್ಯಾಹ್ನ ಎಬ್ಬಿಸ್ತಿದ್ದೋಳು ಅಕ್ಕ, ಅದಕ್ಕೆ ಅಕ್ಕನ ಕೈಯಲ್ಲಿ ಆಗ್ತಿತ್ತು. ನನ್ನ ಕೈಯಲ್ಲೂ ಆಯ್ತು, ಮೂರು ವಾರದ ಹಿಂದೆ. ನಾನು ಹೇಳಲಿಲ್ಲ. ಗೊತ್ತಿದ್ದೂ ಸುಮ್ನಿದ್ದೆ."

ಅಂಗಡಿಯವನಿಗೆ ದೂರು ಹೇಳುವ ಹಾಗೆ, ಒಂದರ ಹಿಂದೊಂದು, ಎಲ್ಲೂ ತಡವರಿಸದೆ ಹೇಳಿಬಿಟ್ಟಳು. ಗಂಡ ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ಲೋಟ ತುಟಿಗೆ ಹಿಡಿದ. "ಓ," ಎಂದ. ಆಮೇಲೆ ಲೋಟದೊಳಗೆ ನೋಡುತ್ತ, "ನಾನು ಸುಮ್ನೆ ತಮಾಷೆಗೆ ಅಂತಿದ್ದೆ ಅತ್ತಿಗೆ," ಎಂದ. "ಗೊತ್ತಪ್ಪ," ಎಂದಳು ಅಕ್ಕ. ಅವನು ಕುಡಿದು ಮುಗಿಸಿ, ಎಂದೂ ಇಲ್ಲದವನು, ಲೋಟವನ್ನು ತಾನೇ ತೊಳೆದಿಟ್ಟು ಹೊರಗೆ ಹೋದ.

ಅಡುಗೆಮನೆಯಲ್ಲಿ ಅಕ್ಕ ಅವಳಿಗೆ ಬೆನ್ನು ಮಾಡಿ ನಿಂತು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಹಗುರ ಆಯ್ತಾ?" ಎಂದು ಕೇಳಿದಳು.

ಇವಳು ಬೀನ್ಸಿನ ತಟ್ಟೆಯನ್ನು ಅಕ್ಕನ ಹತ್ತಿರಕ್ಕೆ ಸರಿಸಿದಳು.

"ನಾನು ಸುಮ್ನಿರು ಅಂತ ನೋಡಿದೆ. ಪಾಪ, ಆ ಮನುಷ್ಯನಿಗೆ ಎಲ್ಲಿ ಮುಖ ಇಡಬೇಕೋ ಗೊತ್ತಾಗಲಿಲ್ಲ. ಈಗ ನಾನು ಅವರಿಗೂ ಸಮಾಧಾನ ಮಾಡಿ ಹೊರಡಬೇಕು." ಅಕ್ಕ ಸಿಟ್ಟು ಮಾಡಿಕೊಂಡಿರಲಿಲ್ಲ. ಆಯಾಸವಾದವರ ದನಿ ಅದು. "ಹೇಳಿದ್ದು ತಪ್ಪು ಅಂತಲ್ಲ ಕಣೆ. ಹೇಳಿದ್ದು ಒಳ್ಳೇದೇ. ಆ ನಲ್ಲಿ ಬಿಡು, ಇದನ್ನ ತೊಳೀತೀನಿ."

ನಲ್ಲಿ ಬಿಟ್ಟಾಗಲೇ ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಪ್ರೆಸ್ಸಿನ ಯಜಮಾನರು. ಸಾಮಾನ್ಯವಾಗಿ ಅವಸರದ ಮನುಷ್ಯ. ಇವತ್ತು ಮಾತಿಗೆ ಬಿಡುವು ಮಾಡಿಕೊಂಡಿದ್ದರು.

"ಏನಮ್ಮ, ಈ ಸಲದ ಗಣಿತದ ಪುಸ್ತಕ ನೋಡಿ ನಮ್ಮ ಲೇಖಕರು ದಂಗಾಗಿ ಹೋಗಿದಾರೆ. ಅವರೇ ಬಿಟ್ಟಿದ್ದ ತಪ್ಪು ಹಿಡಿದಿದೀರಂತೆ. ಲೆಕ್ಕ ಎಲ್ಲ ಮಾಡಿ ನೋಡಿದ್ರಾ ಹೆಂಗೆ? ಇಷ್ಟು ವರ್ಷದಲ್ಲಿ ಇಷ್ಟು ಚೊಕ್ಕ ಪುಸ್ತಕ ನನ್ನ ಪ್ರೆಸ್ಸಿಂದ ಹೋಗಿಲ್ಲ. ಏನು, ಹೊಸ ಕನ್ನಡಕನಾ?"

ಆ ಲೆಕ್ಕಗಳನ್ನೆಲ್ಲ ಹಾಳೆಯ ಹಿಂಭಾಗದಲ್ಲಿ ಮಾಡಿ ನೋಡಿದ್ದು ಅಕ್ಕ. ಬೇರೆ ಇನ್ಯಾರೂ ಅಲ್ಲ.

"ಹೂಂ," ಎಂದಳು ಅವಳು. ಅದು ಎಲ್ಲಿಂದ ಬಂತೋ. ಸಣ್ಣ ನಗುವೂ ಜೊತೆಗೆ ಬಂತು. "ಸ್ವಲ್ಪ ಹೆಚ್ಚಿಗೆ ಗಮನ ಕೊಟ್ಟೆ."

"ಹಂಗಾದ್ರೆ ಇನ್ಮೇಲೆ ಕರಡು ತಿದ್ದೋಕೆ ಬೇರೆ ಕಡೆ ಕಳಿಸಲ್ಲ. ನಾಲ್ಕು ಪುಸ್ತಕ ಬರೋದಿದೆ. ತಿದ್ದೋ ಕೆಲಸಕ್ಕೆ ಬೇರೆ ದುಡ್ಡು. ಎಲ್ಲಿ ಕೂತು ಮಾಡಿದ್ರೂ ನಂಗೆ ಚಿಂತೆ ಇಲ್ಲ, ಫೋನಲ್ಲೇ ಕಳಿಸಿಬಿಡ್ತೀನಿ. ಆದ್ರೆ ಇದೇ ಕಣ್ಣು ಬೇಕಮ್ಮ ನಂಗೆ."

"ಆಗಲಿ ಸಾರ್."

ಫೋನು ಇಟ್ಟ ಮೇಲೂ ಅವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು. ಅಡುಗೆಮನೆಯಲ್ಲಿ ನಲ್ಲಿ ಇನ್ನೂ ಸುರಿಯುತ್ತಿತ್ತು. ಅಕ್ಕನಿಗೆ ಏನೂ ಕೇಳಿಸಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಈ ಸಲ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ತಾನು ಅಷ್ಟೆಲ್ಲ ಹೇಳಿದ್ದು ಅಕ್ಕ ಆಗಲೇ ಕಂಡದ್ದನ್ನು. ಇದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅಕ್ಕ ತಮ್ಮನ ಮನೆಯಲ್ಲಿ ಮಕ್ಕಳ ಹಿಂದೆ ಓಡಾಡಿಕೊಂಡಿರುತ್ತಾಳೆ, ಪುಸ್ತಕಗಳು ಇಲ್ಲಿಗೆ ಬರುತ್ತವೆ. ಮಧ್ಯಾಹ್ನದಿಂದ ಆಗುತ್ತಿದ್ದ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ತಿರುಗಿ ಫೋನು ಮಾಡಲು ಬೆರಳು ಹೋಯಿತು. ಫೋನಿನಲ್ಲಿ ಹೇಳಿದರೆ ಅವರು ನಗುತ್ತಾರೆ, 'ಅಕ್ಕಾನೋ ತಂಗೀನೋ, ಕೆಲಸ ಆಗ್ಲಿ' ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅವರೆದುರು ಕೂತು ಹೇಳಬೇಕಾದ ಮಾತು ಅದು. ಅಕ್ಕನ ನಂಬರನ್ನು ಅವರ ಕೈಯಿಂದಲೇ ಅವರ ಫೋನಿಗೆ ಹಾಕಿಸಬೇಕು. ಪ್ರೆಸ್ಸು ಬಸ್ ನಿಲ್ದಾಣದಿಂದ ಆಚೆಗೆ, ಮಾರ್ಕೆಟ್ಟು ದಾಟಿ, ನಡೆದರೆ ಅರ್ಧ ಗಂಟೆ. ಬೆಳಿಗ್ಗೆ ಯಜಮಾನರು ಬೇಗ ಬಂದಿರುತ್ತಾರೆ.

"ಯಾರೇ ಅದು ಫೋನು?" ಎಂದು ಅಕ್ಕ ನಲ್ಲಿ ನಿಲ್ಲಿಸಿ ಕೇಳಿದಳು.

"ಪ್ರೆಸ್ಸಿನವರು. ಪುಸ್ತಕ ಚೆನ್ನಾಗಿ ಬಂದಿದೆಯಂತೆ."

"ಯಾವುದು, ಗಣಿತದ್ದಾ?" ಎಂದಳು ಅಕ್ಕ. ಪಾತ್ರೆ ಸರಿಸಿದ ಸದ್ದಾಯಿತು. "ಒಳ್ಳೇದಾಯ್ತು ಬಿಡು," ಎಂದಳು. ಆಮೇಲೆ ಈಳಿಗೆಯ ಸದ್ದು ಶುರುವಾಯಿತು.

ಅವಳು ಮುಂಬಾಗಿಲ ಪಕ್ಕದ ಗೂಡಿನಿಂದ ಹೊರಗಿನ ಕೆಲಸಕ್ಕೆಂದು ತೆಗೆದಿಟ್ಟಿದ್ದ ಚಪ್ಪಲಿಯನ್ನು ಕೆಳಗಿಳಿಸಿದಳು. ಎಷ್ಟೋ ದಿನದಿಂದ ಹಾಕದೆ ಪಟ್ಟಿಗಳ ಸಂದಿಯಲ್ಲಿ ಧೂಳು ಕೂತಿತ್ತು. ಹೊಸ್ತಿಲ ಮೇಲೆ ಕೂತು ಒದ್ದೆ ಬಟ್ಟೆಯಿಂದ ಒಂದೊಂದೇ ಸಂದಿ ಒರೆಸತೊಡಗಿದಳು. ಕೈ ಒರೆಸಿಕೊಳ್ಳುತ್ತ ಬಂದ ಅಕ್ಕ ಹಿಂದೆ ನಿಂತು ನೋಡಿದಳು.

"ನನ್ನನ್ನ ಬಸ್ ಹತ್ತಿಸೋಕೆ ರಬ್ಬರ್ ಚಪ್ಪಲಿ ಸಾಲದೇನೇ? ಇದು ಕಚ್ಚತ್ತೆ ಅಂತಿದ್ದೆ."

"ಇರ್ಲಿ ಅಕ್ಕ. ಬರ್ತಾ ಸ್ವಲ್ಪ ನಡೀಬೇಕು."

ಇವಳು ಹಿಮ್ಮಡಿ ಕಚ್ಚುವ ಕಡೆ ಪಟ್ಟಿಯನ್ನು ಹೆಬ್ಬೆರಳಿನಿಂದ ಮೆತ್ತಗೆ ಬಗ್ಗಿಸಿ, ಎರಡನ್ನೂ ಜೋಡಿಸಿ, ಅಕ್ಕನ ಚಪ್ಪಲಿಯ ಪಕ್ಕದಲ್ಲಿ ಬೀದಿಯ ಕಡೆ ಮುಖ ಮಾಡಿ ಇಟ್ಟಳು.